ಬೋರ್ ನೀರಿನ ಮನೆ, ಜೊತೆಗೆ ವಯಸ್ಸಾದ ಅತ್ತೆ: ಶವರ್‌ಗೆ ಗಾಜು ಹಾಕಿಸಬಹುದಾ?

ನೀವು ಕೇಳಿರೋದು ಇಷ್ಟು: ಮೈಸೂರಿನ ರಿಂಗ್ ರೋಡ್ ಆಚೆ ಹೊಸ ಮನೆ, 5 ಅಡಿಗೆ 8 ಅಡಿ ಬಾತ್‌ರೂಮ್, ಟೈಲ್ಸ್ ಇನ್ನೂ ಹಾಕಿಲ್ಲ. ಬೋರ್ ನೀರು. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಶವರ್‌ಗೆ ಗಾಜು ಹಾಕಿಸಬೇಕಾ, ಯಾವ ಥರದ್ದು, ಬಿಳಿ ಕಲೆ ಕಟ್ಟದ ಹಾಗೆ ನೋಡಿಕೊಳ್ಳೋದು ಹೇಗೆ?

ನಾನು ಮೈಸೂರಿನಲ್ಲೇ ಗಾಜು, ಅಲ್ಯೂಮಿನಿಯಂ ಕೆಲಸ ಮಾಡಿಸುವವನು. ನನ್ನ ಉತ್ತರ: ಹಾಕಿಸಿ, ಆದರೆ ಬಾಗಿಲು ಬೇಡ. ಒಂದೇ ಒಂದು ಫಿಕ್ಸೆಡ್ ಗಾಜು, ಪಕ್ಕದಲ್ಲಿ ಓಡಾಡೋಕೆ ಖಾಲಿ ಜಾಗ. ಅಷ್ಟು ಸಾಕು.

ಕ್ಯಾಟಲಾಗ್‌ನಲ್ಲಿ ನಾಲ್ಕೂ ಕಡೆ ಗಾಜು, ಹಿಡಿ ಇರುವ ಬಾಗಿಲು, ನೋಡೋಕೆ ಚೆನ್ನಾಗಿರುತ್ತೆ. ಆದರೆ ನಮ್ಮ ಮನೆಗಳಲ್ಲಿ ಸ್ನಾನ ಅಂದ್ರೆ ಬರೀ ಶವರ್ ಅಲ್ಲ. ಬಕೆಟ್ ಇರುತ್ತೆ, ಚೊಂಬು ಇರುತ್ತೆ, ದೊಡ್ಡವರಿಗೆ ಕೂರೋಕೆ ಸ್ಟೂಲ್ ಇರುತ್ತೆ. ಹಬ್ಬದ ದಿನ ಎಣ್ಣೆ ಸ್ನಾನ, ತಲೆಗೆ ನೀರು ಹಾಕೋಕೆ ಇನ್ನೊಬ್ಬರು ಪಕ್ಕದಲ್ಲೇ ನಿಲ್ಲಬೇಕು. ಇದೆಲ್ಲ ಮೂರಡಿ ಗಾಜಿನ ಪೆಟ್ಟಿಗೆಯೊಳಗೆ ಆಗೋ ಕೆಲಸ ಅಲ್ಲ. ಇನ್ನೂ ಮುಖ್ಯವಾದ್ದು, ಅತ್ತೆ ಒಳಗೆ ಜಾರಿಬಿದ್ದರೆ ಒಳಮುಖವಾಗಿ ತೆಗೆಯುವ ಬಾಗಿಲು ಅವರಿಗೇ ತಾಗಿ ನಿಂತುಬಿಡುತ್ತೆ, ಹೊರಗಿನಿಂದ ತಳ್ಳೋಕೂ ಆಗಲ್ಲ. ಸ್ಲೈಡಿಂಗ್ ಆದರೆ ಕೆಳಗಿನ ಟ್ರ್ಯಾಕ್‌ನಲ್ಲಿ ಸೋಪು, ಕೂದಲು, ಸುಣ್ಣ ಎಲ್ಲ ಸೇರಿ ಸ್ವಲ್ಪ ದಿನಕ್ಕೆ ಎಳೆಯೋದೇ ಕಷ್ಟ. ಬೋರ್ ನೀರಿನಲ್ಲಂತೂ ಆ ಟ್ರ್ಯಾಕ್ ತೊಳೆಯೋದು ನಿತ್ಯದ ಕೆಲಸ ಆಗಿಬಿಡುತ್ತೆ.

ನಿಮ್ಮ ಅಳತೆಗೆ ಹೀಗೆ ಮಾಡಬಹುದು. 8 ಅಡಿ ಉದ್ದದಲ್ಲಿ ತುದಿಯ 3 ಅಡಿ ಸ್ನಾನಕ್ಕೆ. ಅಗಲ 5 ಅಡಿ ಇದೆಯಲ್ಲ, ಅದಕ್ಕೆ ಅಡ್ಡಲಾಗಿ ಎರಡೂವರೆ ಅಡಿ ಗಾಜು, ಉಳಿದ ಎರಡೂವರೆ ಅಡಿ ಖಾಲಿ. ಒಬ್ಬರನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗೋಕೂ ಅಷ್ಟು ಜಾಗ ಸಾಕು. ಕಮೋಡು, ವಾಶ್‌ಬೇಸಿನ್ ಎರಡೂ ಗಾಜಿನ ಈಚೆಗೆ ಬರಲಿ.

ಈಗ ಗಾಜಿಗಿಂತ ಮೊದಲು ನೆಲ. ಬಾತ್‌ರೂಮ್ ಒದ್ದೆಯಾಗಿದ್ದರೆ ಗಾಜಿಲ್ಲದ್ದಕ್ಕೇ ಹಾಗೆ ಅಂತಾರೆ ಎಲ್ಲರೂ. ಬಹಳಷ್ಟು ಮನೆಗಳಲ್ಲಿ ನಿಜವಾದ ಕಾರಣ ವಾಟ, ಅಂದ್ರೆ ನೆಲದ ಇಳಿಜಾರು, ಸರಿಯಿಲ್ಲದಿರೋದು. ಗಾಜು ಸಿಡಿಯೋ ನೀರನ್ನು ತಡೆಯುತ್ತೆ, ನೆಲದ ಮೇಲೆ ಹರಿಯೋ ನೀರನ್ನಲ್ಲ. ನಾನಿ ಟ್ರ್ಯಾಪ್, ಅಂದ್ರೆ ನೆಲದ ನೀರು ಹೊರಗೆ ಹೋಗೋ ಜಾಲರಿ ಕಿಂಡಿ, ಸ್ನಾನದ ಜಾಗದ ಒಳಗೇ ಇರಬೇಕು, ಆದಷ್ಟು ಹಿಂದಿನ ಗೋಡೆಯ ಕಡೆಗೆ. 5 ಅಡಿಗೆ ಸುಮಾರು ಒಂದು ಇಂಚಿನಷ್ಟು ಇಳಿಜಾರು ಆ ಕಡೆಗೆ ಕೊಡಿಸಿ. ಟೈಲ್ಸ್ ಅಂಟಿಸಿ ಗಟ್ಟಿಯಾದ ಮೇಲೆ ಮೇಸ್ತ್ರಿ ಎದುರಿಗೇ ಒಂದು ಬಕೆಟ್ ನೀರು ಸುರಿಯಿರಿ. ನೀರು ಬಾಗಿಲ ಕಡೆ ಒಂದು ಬೆರಳಗಲ ಬಂದರೂ ಆಗಲೇ ಹೇಳಿ. ಗಾಜು ನಿಂತ ಮೇಲೆ ನೆಲ ಒಡೆದು ಸರಿ ಮಾಡೋದು ಯಾರಿಗೂ ಬೇಡ. ಟೈಲ್ಸ್ ಒರಟಾಗಿರೋದು, ಆಂಟಿ ಸ್ಕಿಡ್ ಅಂತ ಕೇಳಿ ತಗೊಳ್ಳಿ.

ಎರಡನೆಯದು ಪ್ಲಂಬರ್ ಕೆಲಸ. ಶವರ್ ತಿರುಗಿಸುವ ಡೈವರ್ಟರ್ ಗಾಜಿಲ್ಲದ ಕಡೆಯ ಗೋಡೆಯಲ್ಲಿ ಇರಲಿ, ಹೊರಗೆ ನಿಂತೇ ಕೈಗೆ ಸಿಗಬೇಕು. ನಮ್ಮ ಕಡೆ ಸೋಲಾರ್ ಇರುವ ಮನೆಗಳೇ ಜಾಸ್ತಿ. ಬೆಳಿಗ್ಗೆ ಟ್ಯಾಂಕಿನಿಂದ ಬಿಸಿ ನೀರು ಇಳಿಯೋ ತನಕ ಪೈಪಿನಲ್ಲಿರೋ ತಣ್ಣೀರು ಬರುತ್ತೆ, ಅದನ್ನು ಎಲ್ಲರೂ ಬಕೆಟ್‌ಗೆ ಹಿಡಿದುಕೊಳ್ಳುತ್ತಾರೆ. ನಲ್ಲಿಯೂ ಅದೇ ಕಡೆ ಇದ್ದರೆ ಬಕೆಟ್ ಇಡೋಕೆ, ತೆಗೆಯೋಕೆ ಗಾಜು ಅಡ್ಡ ಬರಲ್ಲ. ಶವರ್ ತಲೆ ಮಾತ್ರ ಖಾಲಿ ಜಾಗದ ಕಡೆ ಮುಖ ಮಾಡದ ಹಾಗೆ ಇರಲಿ.

ಪೈಪು ಹಾಕಿ ಗೋಡೆ ಮುಚ್ಚೋ ಮುಂಚೆ ಪ್ರತಿ ಗೋಡೆಯ ಪಕ್ಕ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಗಾಜಿನ ಕ್ಲಾಂಪ್‌ಗೆ ಗೋಡೆ ಕೊರೆಯುವಾಗ ಒಳಗಿನ ಸಿಪಿವಿಸಿ (ಪ್ಲಾಸ್ಟಿಕ್) ನೀರಿನ ಪೈಪಿಗೆ ಡ್ರಿಲ್ ತಾಗಿದರೆ ಟೈಲ್ಸ್ ಒಡೆಯೋದು ಬಿಟ್ಟು ಬೇರೆ ದಾರಿ ಇಲ್ಲ. ನೆಲಕ್ಕೆ ಮಾತ್ರ ಕೊರೆಯಬೇಡಿ ಅಂತ ಮೊದಲೇ ಹೇಳಿ. ಅಡಿಯಲ್ಲಿ ವಾಟರ್‌ಪ್ರೂಫಿಂಗ್ ಇರುತ್ತೆ, ಅದಕ್ಕೆ ತೂತು ಬಿದ್ದರೆ ಕೆಳಗಿನ ಸೀಲಿಂಗ್ ಸೋರುತ್ತೆ. ನೆಲದಲ್ಲಿ ಗಾಜನ್ನು ಸಿಲಿಕೋನ್‌ನಲ್ಲೇ ಕೂರಿಸಬಹುದು, ಗೋಡೆಯ ಕಡೆ ಯು ಚಾನೆಲ್ (ಯು ಆಕಾರದ ಲೋಹದ ಪಟ್ಟಿ) ಅಥವಾ ಕ್ಲಾಂಪ್ ಹಿಡಿದುಕೊಳ್ಳುತ್ತೆ.

ಗಾಜಿನ ವಿಷಯಕ್ಕೆ ಬರೋಣ. ಟಫನ್ ಗ್ಲಾಸ್ ಬಿಟ್ಟು ಬೇರೆ ಯಾವುದನ್ನೂ ಬಾತ್‌ರೂಮ್‌ಗೆ ಹಾಕಿಸಬೇಡಿ. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಬಿಟ್ಟು ತಟ್ಟನೆ ತಣ್ಣಗೆ ಮಾಡ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತೆ, ಒಳಗಿನ ಭಾಗ ಆಮೇಲೆ ಕುಗ್ಗಿ ಹೊರಮೈಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತೆ. ಅದಕ್ಕೇ ಸಾಮಾನ್ಯ ಗಾಜಿಗಿಂತ ನಾಲ್ಕು ಪಟ್ಟು ಗಟ್ಟಿ. ಒಡೆದರೂ ಉದ್ದುದ್ದ ಚೂಪು ಚೂರಾಗದೆ ಕಲ್ಲುಸಕ್ಕರೆ ಥರ ಸಣ್ಣ ಹರಳುಗಳಾಗಿ ಉದುರುತ್ತೆ. ಆದರೆ ಒಮ್ಮೆ ಟಫನ್ ಆದ ಮೇಲೆ ಅದನ್ನು ಕತ್ತರಿಸೋಕೂ ಆಗಲ್ಲ, ತೂತು ಹಾಕೋಕೂ ಆಗಲ್ಲ. ಎಲ್ಲ ಮೊದಲೇ ಆಗಿರಬೇಕು. ಹಾಗಾಗಿ ಟೈಲ್ಸ್ ಪೂರ್ತಿ ಮುಗಿದ ಮೇಲೇ ಅಳತೆ. ಗೋಡೆ ಮೇಲಿಂದ ಕೆಳಗೆ ನೆಟ್ಟಗಿರೋದು ಬಹಳ ಕಡಿಮೆ. ಅಳತೆಗೆ ಬಂದವರು ಮೇಲೆ, ನಡುವೆ, ಕೆಳಗೆ ಮೂರು ಕಡೆ ಟೇಪು ಹಿಡಿಯಬೇಕು, ಗೋಡೆಗೆ ರಸಮಟ್ಟ ಇಟ್ಟು ನೋಡಬೇಕು. ಒಂದೇ ಕಡೆ ಅಳೆದು ಬರೆದುಕೊಂಡರೆ, ಇನ್ನೊಮ್ಮೆ ಅಳೀರಿ ಅಂತ ಹೇಳೋಕೆ ಸಂಕೋಚ ಬೇಡ.

ದಪ್ಪ 8 ಮಿಲಿಮೀಟರ್ ಆದರೂ ನಡೆಯುತ್ತೆ, 10 ಆದರೆ ಅಲುಗಾಟ ಕಡಿಮೆ. ನಿಮ್ಮ ಎರಡೂವರೆ ಅಡಿಗೆ ಆರೂವರೆ ಅಡಿ ಗಾಜು 8ರಲ್ಲಿ ಸುಮಾರು 30 ಕಿಲೋ ತೂಗುತ್ತೆ, 10ರಲ್ಲಿ ಸುಮಾರು 38 ಕಿಲೋ. ನಿಮಗೆ 8 ಸಾಕು, ಆದರೆ ಗಾಜಿನ ಹೊರತುದಿಯ ಮೇಲ್ಭಾಗದಿಂದ ಗೋಡೆಗೆ ಒಂದು ಸಪೋರ್ಟ್ ರಾಡ್ ಇರಲೇಬೇಕು. ನೋಡೋಕೆ ಚೆಂದ ಕಾಣಲ್ಲ ಅಂತ ಅದನ್ನು ಬೇಡ ಅನ್ನಬೇಡಿ.

ಗಾಜಿನ ಒಂದು ಮೂಲೆಯಲ್ಲಿ ಸಣ್ಣ ಮುದ್ರೆ ಇರಬೇಕು. ಸೇಫ್ಟಿ ಗ್ಲಾಸ್‌ಗೆ ನಮ್ಮ ದೇಶದ ಮಾನದಂಡ ಐಎಸ್ 2553, ಅದರ ಗುರುತು ಇದೆಯಾ ನೋಡಿ. ಇನ್ನೊಂದು ಸುಲಭ ಪರೀಕ್ಷೆ ಇದೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹಗಲು ಬೆಳಕಿನಲ್ಲಿ ಗಾಜನ್ನು ಓರೆಯಾಗಿ ನೋಡಿ. ಟಫನ್ ಆಗಿದ್ದರೆ ಮಸುಕಾದ ಪಟ್ಟೆಗಳೋ ಚುಕ್ಕೆಗಳೋ ಸಾಲಾಗಿ ಕಾಣುತ್ತವೆ. ಅದು ದೋಷ ಅಲ್ಲ, ಗಾಳಿ ಬಿಟ್ಟು ತಣ್ಣಗೆ ಮಾಡಿದ ಗುರುತು. ಇಳಿಸುವಾಗ ಗಾಜಿನ ಅಂಚನ್ನು ಬರೀ ಟೈಲ್ಸ್ ಮೇಲೆ ಇಡೋಕೆ ಬಿಡಬೇಡಿ. ಟಫನ್ ಗ್ಲಾಸ್‌ನ ಮೈ ಎಷ್ಟು ಗಟ್ಟಿಯೋ ಅಂಚು, ಮೂಲೆ ಅಷ್ಟೇ ಸೂಕ್ಷ್ಮ. ಕೆಳಗೆ ಮರದ ಪಟ್ಟಿ ಅಥವಾ ರಟ್ಟು ಇರಲಿ.

ಅತ್ತೆಯವರ ಬಗ್ಗೆ ಇದೊಂದು ಮಾತು ದಯವಿಟ್ಟು ಮರೀಬೇಡಿ. ವಯಸ್ಸಾದವರು ಕಾಲು ಜಾರಿದಾಗ ಹತ್ತಿರ ಏನು ಸಿಗುತ್ತೋ ಅದನ್ನು ಹಿಡಿಯುತ್ತಾರೆ. ಗಾಜು ಹಿಡಿಯೋ ವಸ್ತು ಆಗಬಾರದು. ಸ್ನಾನದ ಜಾಗದ ಗೋಡೆಗೆ ಒಂದು, ಖಾಲಿ ಜಾಗದ ಪಕ್ಕ ಇನ್ನೊಂದು ಸ್ಟೀಲ್ ಹಿಡಿಕೆ ಹಾಕಿಸಿ. ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಬೋಲ್ಟ್ ಕೂತಿರಬೇಕು. ಅಂಟಿಸುವ ಹಿಡಿಕೆ, ಗಾಳಿ ಕಪ್ಪಿನ ಹಿಡಿಕೆ ಎರಡೂ ಬೇಡ. ಗಾಜಿನ ಮೇಲೆ ಕಣ್ಣಿನ ಮಟ್ಟದಲ್ಲಿ ಮಸುಕು ಫಿಲ್ಮಿನ ಒಂದು ಅಡ್ಡ ಪಟ್ಟಿ ಅಂಟಿಸಿದರೆ ಕನ್ನಡಕ ತೆಗೆದಿಟ್ಟು ಬರುವವರಿಗೆ ಗಾಜು ಎಲ್ಲಿದೆ ಅಂತ ಗೊತ್ತಾಗುತ್ತೆ.

ಗಾಜು ಸೀಲಿಂಗ್‌ವರೆಗೆ ಬೇಡ. ಆರೂವರೆ ಅಡಿ ಸಾಕು, ಮೇಲೆ ಹಬೆ ಹೊರಗೆ ಹೋಗಲಿ. ಗ್ಯಾಸ್ ಗೀಸರ್ ಇದ್ದರೆ ಅದು ಬಾತ್‌ರೂಮ್ ಒಳಗೆ ಇರಲೇಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ಹೋಗುತ್ತೆ. ಯುಟಿಲಿಟಿಯ ತೆರೆದ ಜಾಗದಲ್ಲಿ ಹಾಕಿಸಿ.

ಕ್ಲಾಂಪ್, ರಾಡ್ ಎಲ್ಲ 304 ಸ್ಟೀಲ್ ಅಥವಾ ಹಿತ್ತಾಳೆ ಇರಲಿ. ಈಗ ಮ್ಯಾಟ್ ಕಪ್ಪು ಫಿಟ್ಟಿಂಗ್‌ ಎಲ್ಲರೂ ಕೇಳ್ತಾರೆ. ಬೋರ್ ನೀರಿನಲ್ಲಿ ಕಪ್ಪಿನ ಮೇಲೆ ಒಂದೊಂದು ಹನಿಯೂ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತೆ. ನಿಮ್ಮ ಮನೆಗೆ ನಾನು ಹೇಳೋದು ಮಾಮೂಲಿ ಸ್ಟೀಲ್ ಬಣ್ಣವೇ.

ಇನ್ನು ಕಲೆ. ಹಳೆ ಬಡಾವಣೆಗಳಲ್ಲಿ ಕಾವೇರಿ, ಕಬಿನಿ ನೀರು ಬರುವ ಮನೆಗಳಲ್ಲಿ ಗಾಜು ನೋಡಿಕೊಳ್ಳೋದು ಸುಲಭ. ಬೋರ್ ನೀರು ಹಾಗಲ್ಲ. ನೆಲದಡಿಯ ಕಲ್ಲಿನ ಸಂದಿಯಲ್ಲಿ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತೆ. ಹನಿ ಒಣಗಿದಾಗ ನೀರು ಹೋಗುತ್ತೆ, ಸುಣ್ಣ ಉಳಿಯುತ್ತೆ. ಸೋಪು ಸೇರಿದರೆ ಅಂಟಂಟಾದ ಪೊರೆ ಆಗುತ್ತೆ. ನಿಮ್ಮ ನೀರು ಎಷ್ಟು ಗಡಸು ಅಂತ ಊಹೆ ಮಾಡಬೇಡಿ, ಪರೀಕ್ಷೆ ಮಾಡಿಸಿ. ವರದಿಯಲ್ಲಿ ಟೋಟಲ್ ಹಾರ್ಡ್‌ನೆಸ್ ಅಂತ ಇರುತ್ತೆ. ಕುಡಿಯೋ ನೀರಿಗೆ ಐಎಸ್ 10500 ಹೇಳೋ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. 200ರ ಒಳಗಿದ್ದರೆ ಒರೆಸೋದೇ ಸಾಕು. 500, 600ರ ಹತ್ತಿರ ಇದ್ದರೆ ಇಡೀ ಮನೆಗೆ ಸಾಫ್ಟ್‌ನರ್, ಅಂದ್ರೆ ನೀರಿನ ಗಡಸುತನ ತೆಗೆಯೋ ಯಂತ್ರ, ಹಾಕಿಸೋ ಬಗ್ಗೆ ಯೋಚಿಸಿ. ಗಾಜಿಗೆ ಮಾತ್ರ ಅಲ್ಲ, ಗೀಸರ್ ಕಾಯಿಲ್, ಸೋಲಾರ್ ಟ್ಯೂಬು, ವಾಷಿಂಗ್ ಮೆಷಿನ್ ಎಲ್ಲವೂ ಉಳಿಯುತ್ತೆ. ಸಾಫ್ಟ್‌ನರ್‌ಗೆ ಆಗಾಗ ಉಪ್ಪು ಹಾಕಬೇಕು, ಆ ಕೆಲಸ ಯಾರದ್ದು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಕಲೆ ತೆಗೆಯೋದಕ್ಕಿಂತ ಕಟ್ಟದ ಹಾಗೆ ನೋಡಿಕೊಳ್ಳೋದು ಬಹಳ ಸುಲಭ. ಗಾಜಿನ ಪಕ್ಕದಲ್ಲೇ ಕೊಕ್ಕೆಗೆ ಒಂದು ಕೈ ವೈಪರ್ ನೇತುಹಾಕಿ. ಸ್ನಾನ ಮುಗಿಸಿದವರು ಹೊರಗೆ ಬರೋ ಮುಂಚೆ ಮೇಲಿಂದ ಕೆಳಗೆ ಎಳೆಯಲಿ. ಪ್ರತಿ ಸಲ ಎಳೆದಾಗಲೂ ರಬ್ಬರಿನ ಅಂಚನ್ನು ಬೆರಳಿನಿಂದ ಸವರಿ ನೀರು ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ಎಳೆತದಲ್ಲಿ ಗೆರೆ ಬೀಳುತ್ತೆ. ಕೊನೆಗೆ ಕೆಳಗಿನ ಅಂಚಿನಲ್ಲಿ ನಿಂತ ನೀರನ್ನು ಹಳೆ ಪಂಚೆ ತುಂಡಿನಿಂದ ಒತ್ತಿ ತೆಗೆಯಿರಿ. ಕಲೆ ಮೊದಲು ಕಟ್ಟೋದು ಅಲ್ಲೇ. ಒಟ್ಟು ಅರ್ಧ ನಿಮಿಷದ ಕೆಲಸ. ಅಂಗಡಿಯವರು ನ್ಯಾನೊ ಕೋಟಿಂಗ್ ಅಂತ ಗಾಜಿನ ಮೇಲೆ ಬಳಿಯೋ ತೆಳು ಲೇಪನದ ಬಗ್ಗೆ ಹೇಳಬಹುದು. ಅದರಿಂದ ನೀರು ಬೇಗ ಜಾರುತ್ತೆ ನಿಜ, ಆದರೆ ಸವೆಯುತ್ತೆ, ಒರೆಸೋದಂತೂ ತಪ್ಪಲ್ಲ.

ಕಲೆ ಕಟ್ಟಿದ್ದರೆ ಬಿಳಿ ವಿನೆಗರ್, ನೀರು ಸಮ ಸಮ ಬೆರೆಸಿ. ಬಟ್ಟೆ ಅದ್ದಿ ಕಲೆಯ ಮೇಲೆ ಅಂಟಿಸಿ ಹತ್ತು ಹದಿನೈದು ನಿಮಿಷ ಬಿಡಿ. ಸುಮ್ನೆ ಸಿಂಪಡಿಸಿ ತಕ್ಷಣ ಒರೆಸಿದರೆ ಏನೂ ಆಗಲ್ಲ, ಹುಳಿಗೆ ಸುಣ್ಣ ಕರಗಿಸೋಕೆ ಸಮಯ ಬೇಕು. ಆಮೇಲೆ ಮೆತ್ತಗೆ ಉಜ್ಜಿ, ತೊಳೆದು, ಒರೆಸಿ. ಸಿಟ್ರಿಕ್ ಆ್ಯಸಿಡ್ ಪುಡಿ ನೀರಿನಲ್ಲಿ ಕರಗಿಸಿದರೂ ಅದೇ ಕೆಲಸ ಮಾಡುತ್ತೆ. ಪಕ್ಕದಲ್ಲಿ ಮಾರ್ಬಲ್ ಇದ್ದರೆ ಮಾತ್ರ ಅದಕ್ಕೆ ತಾಗಿಸಬೇಡಿ, ಅದೂ ಸುಣ್ಣದ ಕಲ್ಲೇ, ಹೊಳಪು ಹೋಗುತ್ತೆ. ಎಣ್ಣೆ ಸ್ನಾನದ ದಿನ ಗಾಜಿಗೆ ಹರಳೆಣ್ಣೆ, ಸೀಗೆಪುಡಿ ಮೆತ್ತಿಕೊಂಡಿರುತ್ತೆ. ಅದಕ್ಕೆ ವಿನೆಗರ್ ಅಲ್ಲ, ಬಿಸಿ ನೀರು ಮತ್ತು ಪಾತ್ರೆ ತೊಳೆಯೋ ಲಿಕ್ವಿಡ್. ಅವತ್ತೇ ತೊಳೆಯಿರಿ, ನೆಲವನ್ನೂ ಸೇರಿಸಿ.

ಟಾಯ್ಲೆಟ್ ತೊಳೆಯೋ ಆ್ಯಸಿಡ್ ಗಾಜಿನ ಹತ್ತಿರ ತರಬೇಡಿ. ಗಾಜಿಗೆ ಏನೂ ಆಗಲ್ಲ ಅನಿಸಬಹುದು, ಆದರೆ ಸ್ಟೀಲ್ ಕ್ಲಾಂಪ್ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತೆ, ಟೈಲ್ಸ್ ಸಂದಿಯ ಸಿಮೆಂಟು ತಿಂದುಹೋಗುತ್ತೆ. ಯಾವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಬಾತ್‌ರೂಮ್‌ನಲ್ಲಿ ಅದು ಅಪಾಯ. ಕೆಲಸದವರಿಗೂ ಇದನ್ನು ಬಿಡಿಸಿ ಹೇಳಿ. ಪಾತ್ರೆ ಉಜ್ಜುವ ಸ್ಟೀಲ್ ನಾರು ಕೂಡ ಬೇಡ, ಗೀರು ಬಿದ್ದ ಕಡೆ ಸುಣ್ಣ ಇನ್ನೂ ಬೇಗ ಹಿಡಿಯುತ್ತೆ.

ಸಿಲಿಕೋನ್ ಫಂಗಸ್ ಹಿಡಿಯದ ಬಾತ್‌ರೂಮ್ ಥರದ್ದೇ ಹಾಕಿಸಿ, ಹಾಕಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ. ಕೆಲವು ವರ್ಷಕ್ಕೆ ಅದು ಕಪ್ಪಾದರೆ ಮೇಲೆ ಮೇಲೆ ಬಳಿಯೋದಲ್ಲ, ಹಳೆಯದನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು, ಒಣಗಿಸಿ, ಹೊಸದು ಹಾಕಬೇಕು.

ಮನೆ ಕಟ್ಟುವಾಗ ಕೊನೆಗೆ ಕೈ ಬಿಗಿಯಾಗೋದು ಎಲ್ಲರಿಗೂ ಗೊತ್ತಿರೋದೇ. ಹಾಗೇನಾದ್ರೂ ಆದರೆ ಕಡಿಮೆ ಬೆಲೆಗೆ ಸಿಗುತ್ತೆ ಅಂತ 5 ಮಿಲಿಮೀಟರ್ ಮಾಮೂಲಿ ಗಾಜನ್ನು ಅಲ್ಯೂಮಿನಿಯಂ ಫ್ರೇಮಿನಲ್ಲಿ ಹಾಕಿಸಬೇಡಿ. ಸದ್ಯಕ್ಕೆ ಒಂದು ರಾಡು, ಒಂದು ಪರದೆ ಸಾಕು. ವಾಟ, ಡೈವರ್ಟರ್, ಗೋಡೆಯ ಹಿಡಿಕೆ ಈ ಮೂರನ್ನು ಮಾತ್ರ ಈಗಲೇ ಮಾಡಿಸಿ. ಗಾಜನ್ನು ಮುಂದಿನ ವರ್ಷ ತಂದು ನಿಲ್ಲಿಸಿದರೂ ಆಗುತ್ತೆ. ನೀರಿನ ವರದಿ ಬಂದ ಮೇಲೆ ಹಾರ್ಡ್‌ನೆಸ್ ಎಷ್ಟಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ಸಾಫ್ಟ್‌ನರ್ ಬೇಕಾ ಬೇಡ್ವಾ ಅಂತ ಆಗ ನೋಡಿ ಹೇಳ್ತೀನಿ.