ಕುಂಡದ ಮಾವು ಹೂ ಬಿಡಲಿಲ್ಲವೇ? ಬುಡ ನೋಡಿ

ಪ್ರಶ್ನೆ: ನರ್ಸರಿಯಿಂದ ತಂದ ಬಾದಾಮಿ ಮಾವಿನ ಕಸಿ ಗಿಡ ಹಿತ್ತಿಲ ಕುಂಡದಲ್ಲಿ ನಾಲ್ಕು ವರ್ಷದಿಂದ ಹುಲುಸಾಗಿ ಬೆಳೆಯುತ್ತಿದೆ. ಹೂವೇ ಇಲ್ಲ. ಏನು ಹಾಕಲಿ?

ಉತ್ತರ: ಪ್ರತಿ ಮಾಗಿಯಲ್ಲೂ ಇದೇ ಪ್ರಶ್ನೆ, ಕೊನೆಯಲ್ಲಿ ಅದೇ ‘ಏನು ಹಾಕಲಿ’. ಏನೂ ಹಾಕಬೇಡಿ. ಮೊದಲು ಕುಕ್ಕರಗಾಲಲ್ಲಿ ಕೂತು ಬುಡ ನೋಡಿ. ಮಣ್ಣಿನಿಂದ ಗೇಣು ಮೇಲೆ ಕಸಿಯ ಗಂಟು ಕಾಣಬೇಕು. ಗಂಟಿನ ಕೆಳಗಿರುವುದು ವಾಟೆಯಿಂದ ಹುಟ್ಟಿದ ನಾಟಿ ಗಿಡ. ಅದಕ್ಕೆ ಬೆಸೆದ ಮೇಲಿನ ಕಡ್ಡಿ ಮಾತ್ರ ಬಾದಾಮಿ. ಕೆಳಗೆ ಒಡೆದ ಚಿಗುರನ್ನು ‘ಎಷ್ಟು ಚೆನ್ನಾಗಿ ಬರ್ತಿದೆ’ ಎಂದು ಬಿಟ್ಟಿರುತ್ತೀರಿ. ಬೇರು ಅದರದೇ, ನೀರು–ಗೊಬ್ಬರವೂ ಮೊದಲು ಅದಕ್ಕೇ. ಬಾದಾಮಿ ಕಡ್ಡಿ ಸೊರಗಿ ಒಣಗುತ್ತದೆ, ನೀವು ನಾಟಿ ಮಾವು ಸಾಕುತ್ತಿರುತ್ತೀರಿ. ಫಲ ಬಿಡುವ ಮರದಿಂದ ತೆಗೆದ ಕಡ್ಡಿಗೆ ಹೂ ಬಿಡುವ ವಯಸ್ಸು ಆಗಲೇ ಆಗಿರುತ್ತದೆ, ಕಸಿ ಗಿಡ ಬೇಗ ಕಾಯಿ ಕಚ್ಚುವುದು ಅದಕ್ಕೇ. ವಾಟೆ ಗಿಡಕ್ಕೆ ಆ ವಯಸ್ಸು ಬರಲು ಹಲವು ವರ್ಷ ಬೇಕು.

ಮೇಲಿನ ಕಡ್ಡಿ ಬದುಕಿದ್ದರೆ ಗಂಟಿನ ಕೆಳಗಿನ ರೆಂಬೆಗಳನ್ನೆಲ್ಲ ಕಾಂಡಕ್ಕೆ ಸವರಿ ಕತ್ತರಿಸಿ. ಸೊನೆ ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಸತ್ತಿದ್ದರೂ ಗಿಡ ಬಿಸಾಡಬೇಡಿ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಚಿಗುರಿಗೆ ಹೊಸದಾಗಿ ಕಸಿ ಕಟ್ಟಿಸಬಹುದು. ಬೆಸೆದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಇಲ್ಲದಿದ್ದರೆ ಅದು ಕಾಂಡದೊಳಗೆ ಕಚ್ಚಿಕೊಂಡು ಕುತ್ತಿಗೆ ಹಿಸುಕುತ್ತದೆ. ‘ತಂಪಾಗಿರಲಿ’ ಎಂದು ಗಂಟಿನ ಮೇಲೆ ಮಣ್ಣು ಏರಿಸುವ ಮಹಾನುಭಾವರೂ ಇದ್ದಾರೆ. ಅದು ಕೊಳೆಯುತ್ತದೆ.

ಗಂಟು ಸರಿಯಾಗಿದ್ದು ಇಡೀ ಗಿಡ ಬಾದಾಮಿಯೇ ಆಗಿದ್ದರೆ, ತಪ್ಪು ನಿಮ್ಮ ಪ್ರೀತಿಯದು. ಚಿಗುರುವುದು ನಿಂತರೇ ಮಾವು ಹೂ ಬಿಡುವುದು. ಮಳೆಗಾಲ ಮುಗಿದ ಮೇಲೆ ಯೂರಿಯಾ ಬೇಡ. ನವೆಂಬರಿನಿಂದ ಹೂ ಕಾಣುವವರೆಗೆ ನೀರು ಕಡಿಮೆ ಮಾಡಿ. ಕುಂಡವಾದ್ದರಿಂದ ಪೂರ್ತಿ ನಿಲ್ಲಿಸಬೇಡಿ, ಎಲೆ ಜೋತರೆ ಕೊಡಿ. ಅಷ್ಟಕ್ಕೂ ವರ್ಷ ಬಿಟ್ಟು ವರ್ಷ ಫಸಲು ಕೊಡುವ, ದೊಡ್ಡ ಮರವಾಗುವ ಬಾದಾಮಿಯನ್ನು ಕುಂಡಕ್ಕೆ ನಾನಂತೂ ತರುವುದಿಲ್ಲ. ದಶೇರಿ, ನೀಲಂ ಕೂಡಿಸಿ ಮಾಡಿದ ಆಮ್ರಪಾಲಿ ಗಿಡ್ಡ ತಳಿ, ಪ್ರತಿ ವರ್ಷ ಬಿಡುತ್ತದೆ.

ಪ್ರಶ್ನೆ: ಲೋಳೆಸರಕ್ಕೆ ಮಾವಿನ ಕೊಂಬೆ ಚುಚ್ಚಿದರೆ ಬೇರು ಬರುತ್ತದಂತೆ?

ಉತ್ತರ: ವಿಡಿಯೊದಲ್ಲಿ ಬರುತ್ತದೆ.

ಪ್ರಶ್ನೆ: ಮಾವು, ಸೀಬೆ, ಸಪೋಟ ಮೂರೂ ಬಿಡುವ ಕಸಿ ಗಿಡ ಆನ್‌ಲೈನಿನಲ್ಲಿ ತರಿಸಿದ್ದೇನೆ. ಆರೈಕೆ ಹೇಗೆ?

ಉತ್ತರ: ಮಾವಿಗೆ ಮಾವು ಬೆಸೆಯುತ್ತದೆ, ಸೀಬೆ ಬೆಸೆಯುವುದಿಲ್ಲ. ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಅಂಗಡಿಯವರು ಹೂ ಬರಿಸಲು ಪ್ಯಾಕ್ಲೊಬ್ಯುಟ್ರಜಾಲ್ ಕೊಟ್ಟಿದ್ದಾರೆ. ಎಷ್ಟು ಹಾಕಲಿ?

ಉತ್ತರ: ತೋಟದ ಬಲಿತ ಮರಕ್ಕೆ ಅಳೆದು ಕೊಡುವ ವಸ್ತು ಅದು, ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಕುಂಡದಲ್ಲಿ ಪ್ರಮಾಣ ಮೀರಿದರೆ ಬೇರಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಗಿಡ ಕುಗ್ಗಿ ಕೂರುತ್ತದೆ. ಬಾಟಲಿ ತೆರೆಯದೆ ಹಿಂದಿರುಗಿಸಿ.