ಲಸಿಕೆಯ ವೈರಸ್ಸೋ, ಹೊರಗಿನದೋ? ಕೊಕ್ಕರೆ ರೋಗದ ವರದಿ ಓದುವ ಬಗೆ

ಓದುಗರ ಪತ್ರದ ಸಾರ: ನಮ್ಮ ನಾಟಿಕೋಳಿಗಳಿಗೆ ಕೊಕ್ಕರೆ ರೋಗದ ಮೂರು ಲಸಿಕೆಗಳು, ಅಂದರೆ ಏಳನೇ ದಿನ ಎಫ್-1, 28ನೇ ದಿನ ಕುಡಿಯುವ ನೀರಿನಲ್ಲಿ ಲಸೋಟಾ, ಎಂಟನೇ ವಾರ ಆರ್2ಬಿ ಚುಚ್ಚುಮದ್ದು ಆಗಿದ್ದವು. ಹತ್ತು ದಿನಕ್ಕೆ ಹಸಿರು ಭೇದಿ, ಕತ್ತು ತಿರುಚುವುದು ಶುರುವಾಗಿ ಕೋಳಿಗಳು ಸಾಯತೊಡಗಿದವು. ಗಂಟಲ ಸ್ವಾಬಿನ ವರದಿಯಲ್ಲಿ ‘ಉಗ್ರ ವೈರಸ್, ಸೀಳುತಾಣ ಆರ್-ಆರ್-ಕ್ಯೂ-ಕೆ-ಆರ್-ಎಫ್’ ಎಂದಿದೆ. ವೈರಸ್ ಬದಲಾಗಿ ಲಸಿಕೆಗೆ ಬಗ್ಗುತ್ತಿಲ್ಲವೇ?

ಸಂಪಾದಕರ ಉತ್ತರ:

ಈ ವರದಿಯಿಂದ ಆ ತೀರ್ಮಾನಕ್ಕೆ ಬರಲಾಗದು. ಸಿಕ್ಕಿದ್ದು ಹೊರಗಿನ ವೈರಸ್ಸೇ ಎಂಬುದೂ ಇದರಿಂದ ಸಾಬೀತಾಗುವುದಿಲ್ಲ.

ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ ವೈರಸ್ಸಿನದು ಸುಮಾರು 15,200 ಅಕ್ಷರಗಳ ಆರ್‌ಎನ್‌ಎ; ಅದರಲ್ಲಿ ಆರು ವಂಶವಾಹಿಗಳು. ಎಫ್ ವಂಶವಾಹಿಯಿಂದ ಬರುವ ಪ್ರೋಟೀನನ್ನು ಕೋಳಿಯ ಕಿಣ್ವವೊಂದು ಸೀಳಿದರೆ ಮಾತ್ರ ವೈರಸ್ ಜೀವಕೋಶದೊಳಗೆ ನುಗ್ಗಬಲ್ಲದು. ಸೀಳುವ ಜಾಗ, ಅಂದರೆ ಸೀಳುತಾಣ, 112ರಿಂದ 117ನೇ ಅಮೈನೋ ಆಮ್ಲ; ವರದಿಯ ಒಂದೊಂದು ಅಕ್ಷರವೂ ಒಂದೊಂದು ಅಮೈನೋ ಆಮ್ಲದ ಗುರುತು. ಲಸೋಟಾದಲ್ಲಿ ಅಲ್ಲಿರುವುದು ಜಿ-ಆರ್-ಕ್ಯೂ-ಜಿ-ಆರ್-ಎಲ್. ಇದನ್ನು ಸೀಳುವ ಕಿಣ್ವಗಳು ಹೆಚ್ಚಾಗಿ ಉಸಿರುನಾಳ ಮತ್ತು ಕರುಳಿನಲ್ಲಷ್ಟೇ ಇರುವುದರಿಂದ ಸೋಂಕು ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ವರದಿಯಲ್ಲಿರುವ ಸರಣಿಯನ್ನಾದರೋ ದೇಹದ ಎಲ್ಲ ಅಂಗಗಳಲ್ಲೂ ಇರುವ ಫ್ಯೂರಿನ್ ಎಂಬ ಕಿಣ್ವ ಸೀಳುತ್ತದೆ. ವೈರಸ್ ಮಿದುಳು, ಗುಲ್ಮದವರೆಗೂ ಹೋಗಬಲ್ಲದು. 1999ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಲಸೋಟಾದಲ್ಲಿ ಈ ತಾಣವೊಂದನ್ನೇ ತಿದ್ದಿದಾಗ, ಒಂದು ದಿನದ ಮರಿಗಳ ಮಿದುಳಿಗೆ ಚುಚ್ಚಿ ಅಳೆಯುವ ಉಗ್ರತೆಯ ಸೂಚ್ಯಂಕ 0ಯಿಂದ 1.28ಕ್ಕೆ ಏರಿತು. ಗರಿಷ್ಠ 2. ತಾಣ ಬಹಳ ಮುಖ್ಯ, ಆದರೆ ಅದೊಂದೇ ಎಲ್ಲವೂ ಅಲ್ಲ.

ತೊಡಕು ಇರುವುದು ಇಲ್ಲಿ: ಮುಕ್ತೇಶ್ವರದಲ್ಲಿ ರೂಪುಗೊಂಡ ಆರ್2ಬಿ ಲಸಿಕೆಯ ಸೀಳುತಾಣವೂ ಆರ್-ಆರ್-ಕ್ಯೂ-ಕೆ-ಆರ್-ಎಫ್. ಕಾಯಿಲೆ ಶುರುವಾಗುವ ಹತ್ತು ದಿನ ಮೊದಲು ನೀವು ಅದನ್ನೇ ಜೀವಂತವಾಗಿ ಕೊಟ್ಟಿದ್ದೀರಿ. ಬರೀ ಸೀಳುತಾಣ ನೋಡಿ ಲಸಿಕೆಯ ವೈರಸ್ಸನ್ನೂ ಹೊರಗಿನದನ್ನೂ ಬೇರ್ಪಡಿಸಲಾಗದು. 1,662 ಅಕ್ಷರಗಳ ಇಡೀ ಎಫ್ ವಂಶವಾಹಿಯನ್ನು ಓದಿಸಿ, ವಂಶವೃಕ್ಷದಲ್ಲಿ ಇಟ್ಟು ನೋಡಬೇಕು. ಆರ್2ಬಿ ಮೂರನೇ ಜೀನೋಟೈಪಿಗೆ (ವಂಶವಾಹಿಯ ಆಧಾರದ ಗುಂಪಿಗೆ) ಸೇರಿದ್ದು, ಲಸೋಟಾ ಎರಡನೆಯದಕ್ಕೆ. ನಮ್ಮ ದೇಶದಲ್ಲಿ ಹರಡಿರುವ ಹೊರಗಿನ ವೈರಸ್ಸುಗಳಲ್ಲಿ ಹದಿಮೂರನೆಯದು ಪ್ರಮುಖ. ಇಡೀ ವಂಶವಾಹಿಯಲ್ಲಿ ಇವು ನಿಚ್ಚಳವಾಗಿ ಬೇರೆಯಾಗುತ್ತವೆ.

ಒಂದು ವೇಳೆ ಹದಿಮೂರನೆಯದೇ ಬಂತೆನ್ನಿ. ಆಗಲೂ ಲಸಿಕೆ ಕೆಲಸಕ್ಕೆ ಬಾರದು ಎನ್ನಬೇಡಿ. ಜೀನೋಟೈಪ್ ಎಷ್ಟೇ ಇದ್ದರೂ ಸೀರೋಟೈಪ್ (ಪ್ರತಿಕಾಯಗಳು ಗುರುತಿಸುವ ಬಗೆ) ಒಂದೇ. ಲಸೋಟಾ ಸರಿಯಾಗಿ ಹತ್ತಿದ ಹಿಂಡು ಸಾವಿನಿಂದ ಪಾರಾಗುತ್ತದೆ. ಹೊಂದಿಕೆಯಾಗದ ಜೀನೋಟೈಪಿನಿಂದ ಆಗುವ ನಷ್ಟವೆಂದರೆ ಸೋಂಕು ತಗುಲಿದ ಕೋಳಿ ಹಿಕ್ಕೆಯಲ್ಲಿ, ಗಂಟಲಲ್ಲಿ ಹೆಚ್ಚು ವೈರಸ್ ಹೊರಹಾಕುತ್ತದೆ.

ಹಾಗಾಗಿ ನಮ್ಮ ಮೊದಲ ಅನುಮಾನ ನಿಮ್ಮ 28ನೇ ದಿನದ ಲಸಿಕೆಯ ಮೇಲೆ. ನಲ್ಲಿ ನೀರಿನ ಕ್ಲೋರಿನ್ ಲಸಿಕೆಯ ವೈರಸ್ಸನ್ನು ಕೊಲ್ಲುತ್ತದೆ. ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನಪುಡಿ ಕರಗಿಸಿ, ಅರ್ಧ ಗಂಟೆ ಬಿಟ್ಟು ಲಸಿಕೆ ಬೆರೆಸಬೇಕು. ಅದಕ್ಕೂ ಮೊದಲು ಒಂದೆರಡು ಗಂಟೆ ನೀರು ಕೊಡಬಾರದು. ಕೊಟ್ಟದ್ದು ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಬಾಟಲಿ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಲಸೋಟಾ ಹತ್ತದ ಕೋಳಿಗೆ ಆರ್2ಬಿ ಚುಚ್ಚಿದರೆ ಅದೇ ಕಾಲುಸೋಲು, ಕತ್ತು ತಿರುಚುವಿಕೆ ತರಬಲ್ಲದು. ಇನ್ನು ಮುಂದೆ ಆರ್2ಬಿಗೆ ಮೊದಲು ಕೆಲವು ಕೋಳಿಗಳ ರಕ್ತ ತೆಗೆಸಿ, ಪ್ರತಿಕಾಯ ಎಷ್ಟಿದೆಯೆಂದು ಅಳೆಯುವ ಎಚ್‌ಐ ಪರೀಕ್ಷೆ ಮಾಡಿಸಿ. ಬಹುಪಾಲು ಕೋಳಿಗಳಲ್ಲಿ ಟೈಟರ್ (ಪ್ರತಿಕಾಯದ ಮಟ್ಟ) 8ಕ್ಕಿಂತ ಕೆಳಗಿದ್ದರೆ ಲಸೋಟಾ ಮತ್ತೆ ಕೊಡಿಸಿ.

ಈಗ ಮಾಡಬೇಕಾದದ್ದು ಹೊಸ ಮಾದರಿ. ಗಂಟಲ ಸ್ವಾಬ್ ಸಾಲದು, ಏಕೆಂದರೆ ಲಸಿಕೆಯ ವೈರಸ್ ಅಲ್ಲಿ ಸಹಜವಾಗಿಯೇ ಸಿಗುತ್ತದೆ. ಆಗಷ್ಟೇ ಸತ್ತ ನಾಲ್ಕೈದು ಕೋಳಿಗಳ ಮಿದುಳು, ಗುಲ್ಮ, ಶ್ವಾಸಕೋಶಗಳನ್ನು ಬೇರೆಬೇರೆ ಡಬ್ಬಿಯಲ್ಲಿ ಮಂಜುಗಡ್ಡೆಯ ಮೇಲಿಟ್ಟು ಅಂದೇ ಕಳಿಸಬೇಕು. ಫಾರ್ಮಲಿನ್‌ಗೆ ಹಾಕಿದರೆ ವೈರಸ್ ಬೆಳೆಸಲಾಗದು, ಆರ್‌ಎನ್‌ಎಯೂ ಕೆಡುತ್ತದೆ. ಹಕ್ಕಿಜ್ವರದಲ್ಲೂ ಇವೇ ಲಕ್ಷಣಗಳು ಕಾಣುವುದರಿಂದ ನೀವಾಗಿ ಕೊಯ್ಯಬೇಡಿ. ತಾಲ್ಲೂಕು ಪಶುವೈದ್ಯರನ್ನು ಕರೆಸಿ, ಆ ಪರೀಕ್ಷೆಯೂ ಆಗಲಿ. ಮಾದರಿಯ ಚೀಟಿಯಲ್ಲಿ ಮೂರೂ ಲಸಿಕೆಗಳ ಹೆಸರು, ಬ್ಯಾಚ್, ತಾರೀಖು ಬರೆಸಿ, ‘ಪೂರ್ಣ ಎಫ್ ವಂಶವಾಹಿ, ಆರ್2ಬಿಯೊಂದಿಗೆ ಹೋಲಿಕೆ’ ಎಂದು ಕೇಳಿ.