ಸೊರಗು ರೋಗದ ದುಂಡಾಣು ಉಗ್ರತೆ ಕಳೆದುಕೊಳ್ಳುವುದೇಕೆ?

ಪ್ರಶ್ನೆ: ನಾನು ಸಸ್ಯರೋಗಶಾಸ್ತ್ರದ ವಿದ್ಯಾರ್ಥಿ. ಸೊರಗಿದ ಟೊಮೆಟೊ ಗಿಡದಿಂದ ಬೇರ್ಪಡಿಸಿದ ದುಂಡಾಣುವನ್ನು ಪ್ರಯೋಗಾಲಯದಲ್ಲಿ ಹಲವು ಬಾರಿ ಬೆಳೆಸಿದ ಮೇಲೆ ಅದನ್ನು ಸಸಿಗಳಿಗೆ ಸೋಂಕಿಸಿದರೂ ರೋಗ ಬರುತ್ತಿಲ್ಲ. ಇದರ ಉಗ್ರತೆ ಒಂದೇ ಜೀನಿನ ಗುಣವೇ?

ಉತ್ತರ: ಅಲ್ಲ. ಉಗ್ರತೆಗೆ ಅನೇಕ ಜೀನುಗಳು ಬೇಕು. ಆದರೆ ಅವುಗಳಲ್ಲಿ ಬಹಳಷ್ಟರ ಕಡಿವಾಣ ಒಂದೇ ಜೀನಿನ ಕೈಯಲ್ಲಿರುವುದರಿಂದ ನಿಮಗೆ ಹಾಗೆ ಅನಿಸಿರುವುದು ಸಹಜ. ಆ ಜೀನಿನ ಹೆಸರು ಪಿಎಚ್‌ಸಿಎ. ಸೊರಗು ರೋಗ ತರುವ ರಾಲ್ಸ್ಟೋನಿಯಾ ದುಂಡಾಣುಗಳು ಒಂದು ಸಣ್ಣ ಸಂಕೇತ ಅಣುವನ್ನು ಹೊರಬಿಡುತ್ತವೆ. ಗಿಡದ ನೀರು ಸಾಗಿಸುವ ನಾಳಗಳಲ್ಲಿ ಅವುಗಳ ಸಂಖ್ಯೆ ಹೆಚ್ಚಿ, ಈ ಅಣು ಸಾಕಷ್ಟು ಸೇರಿಕೊಂಡಾಗ, ಪಿಎಚ್‌ಸಿಎ ಪ್ರೋಟೀನು ಸಕ್ರಿಯವಾಗಿ ಈಜುವ ಸಾಮರ್ಥ್ಯವನ್ನು ತಗ್ಗಿಸುತ್ತದೆ. ಅದರ ಬದಲು ಲೋಳೆಯಂತಹ ಬಹುಶರ್ಕರವನ್ನೂ ಸೆಲ್ಯುಲೋಸನ್ನು ಕರಗಿಸುವ ಕಿಣ್ವವನ್ನೂ ಹೇರಳವಾಗಿ ತಯಾರಿಸುವಂತೆ ಮಾಡುತ್ತದೆ. ನಾಳಗಳಲ್ಲಿ ನೀರಿನ ಹರಿವನ್ನು ತಡೆದು ಗಿಡವನ್ನು ಸೊರಗಿಸುವುದು ಮುಖ್ಯವಾಗಿ ಆ ಲೋಳೆಯೇ.

ಆದರೆ ಲೋಳೆ ತಯಾರಿಸಲು ದುಂಡಾಣು ಸಾಕಷ್ಟು ಇಂಗಾಲವನ್ನೂ ಶಕ್ತಿಯನ್ನೂ ವ್ಯಯಿಸಬೇಕು. ಗಿಡದೊಳಗೆ ಆ ವೆಚ್ಚ ಸಾರ್ಥಕ. ನಿಮ್ಮ ಗಾಜಿನ ತಟ್ಟೆಯಲ್ಲಿ ಅದು ವ್ಯರ್ಥ. ಹಾಗಾಗಿ ಪಿಎಚ್‌ಸಿಎ ಜೀನು ಆಕಸ್ಮಿಕ ರೂಪಾಂತರದಿಂದ ಕೆಟ್ಟುಹೋದ ಕೋಶವೊಂದು ಹುಟ್ಟಿದರೆ, ಅದು ಉಳಿದವುಗಳಿಗಿಂತ ವೇಗವಾಗಿ ಬೆಳೆದು, ಪ್ರತಿ ಬಾರಿ ಹೊಸ ತಟ್ಟೆಗೆ ಸಾಗಿಸಿದಾಗಲೂ ತನ್ನ ಪಾಲನ್ನು ಹೆಚ್ಚಿಸಿಕೊಳ್ಳುತ್ತದೆ. ನಿಮ್ಮ ದುಂಡಾಣುವಿಗೂ ಹೀಗೆಯೇ ಆಗಿರುವ ಸಾಧ್ಯತೆ ಹೆಚ್ಚು, ಮತ್ತು ಇದನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು: ಟೆಟ್ರಜೋಲಿಯಂ ಎಂಬ ರಾಸಾಯನಿಕ ಬೆರೆಸಿದ ಮಾಧ್ಯಮದಲ್ಲಿ ಉಗ್ರ ವಸಾಹತುಗಳು (ಗುಂಪಾಗಿ ಬೆಳೆದ ದುಂಡಾಣುಗಳು) ಬಿಳಿಯಾಗಿ, ಹರಡಿಕೊಂಡು, ನಡುವೆ ತಿಳಿಗುಲಾಬಿ ಬಣ್ಣ ತಾಳಿದರೆ, ಉಗ್ರತೆ ಕಳೆದುಕೊಂಡವು ಚಿಕ್ಕದಾಗಿ, ದುಂಡಗೆ, ಕಡುಗೆಂಪಾಗಿ ಕಾಣುತ್ತವೆ. 1954ರಿಂದಲೂ ಬಳಕೆಯಲ್ಲಿರುವ ಈ ಸರಳ ವಿಧಾನವನ್ನು ನಾನು ಇಂದಿಗೂ ಬಿಟ್ಟಿಲ್ಲ.

ವಸಾಹತುಗಳಲ್ಲಿ ಲೋಳೆ ಇದ್ದೂ ರೋಗ ಬಾರದಿದ್ದರೆ ಹೆಚ್‌ಆರ್‌ಪಿ ಜೀನುಗಳತ್ತ ಗಮನ ಹರಿಸಬೇಕು. ಗಿಡದ ಕೋಶಗಳೊಳಗೆ ಪ್ರೋಟೀನುಗಳನ್ನು ಚುಚ್ಚಿ ಸೇರಿಸುವ ಸೂಜಿಯಂತಹ ವ್ಯವಸ್ಥೆಯನ್ನು ಕಟ್ಟುವುದು ಇವೇ. 2002ರಲ್ಲಿ ಟೊಮೆಟೊದಿಂದ ಬೇರ್ಪಡಿಸಿದ ದುಂಡಾಣು ತಳಿ ಜಿಎಂಐ1000ರ ಪೂರ್ಣ ಜೀನೋಮ್ ಪ್ರಕಟವಾದಾಗ, ಅದು 37 ಲಕ್ಷ ಜೋಡಿ ಬೇಸುಗಳ ಒಂದು ಕ್ರೋಮೋಸೋಮು ಹಾಗೂ 21 ಲಕ್ಷದ ಒಂದು ಬೃಹತ್ ಪ್ಲಾಸ್ಮಿಡ್ (ಕ್ರೋಮೋಸೋಮಿನಿಂದ ಪ್ರತ್ಯೇಕವಾಗಿರುವ ಡಿಎನ್‌ಎ) ಆಗಿ ಹಂಚಿಕೊಂಡಿರುವುದೂ, ಹೆಚ್‌ಆರ್‌ಪಿ ಗುಚ್ಛವು ಎರಡನೆಯದರಲ್ಲಿರುವುದೂ ಸ್ಪಷ್ಟವಾಯಿತು. ಈ ಸೂಜಿಯ ಮೂಲಕ ಹೋಗುವ ಪ್ರೋಟೀನುಗಳು ಹತ್ತಾರು. ಯಾವುವು ಇವೆ ಎಂಬುದು ದುಂಡಾಣುವಿನ ತಳಿಯಿಂದ ತಳಿಗೆ ಬದಲಾಗುತ್ತದೆ. ಒಂದು ಕಡೆ ತಡೆದುಕೊಂಡ ಬದನೆ ಅಥವಾ ಟೊಮೆಟೊ ತಳಿ ಇನ್ನೊಂದು ಕಡೆ ಸೊರಗಲು ಇದೂ ಒಂದು ಪ್ರಬಲ ಕಾರಣ. ಒಂದೇ ಪ್ರೋಟೀನನ್ನು ಗುರುತಿಸುವ ನಿರೋಧಕ ಜೀನಿನ ಮೇಲೆ ಪೂರ್ತಿ ಭಾರ ಹಾಕುವುದು ಅಪಾಯಕರವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಈ ದುಂಡಾಣು ಸುತ್ತಲಿನ ಡಿಎನ್‌ಎಯನ್ನು ಹೀರಿಕೊಂಡು ತನ್ನದಾಗಿಸಿಕೊಳ್ಳಲೂ ಬಲ್ಲದು.

ನಿಮ್ಮ ಕೆಲಸಕ್ಕೆ ಬೇಕಾದುದು ಇಷ್ಟು: ಬಿಳಿ ಲೋಳೆ ವಸಾಹತೊಂದನ್ನು ಆರಿಸಿ, ಸೋಂಕಿಸಿದ ಗಿಡದಿಂದ ಮತ್ತೆ ಬೇರ್ಪಡಿಸಿ, ಕೂಡಲೇ ಗ್ಲಿಸರಾಲಿನಲ್ಲಿ -80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಿಡಿ, ಮತ್ತು ಪ್ರತಿ ಪ್ರಯೋಗವನ್ನೂ ಆ ಮೂಲ ಸಂಗ್ರಹದಿಂದಲೇ ಆರಂಭಿಸಿ.